ಸ್ಕೂಬಾ ಡೈವಿಂಗ್: ಕಾರ್ಡ್ ಮುಖ್ಯವೋ, ಅನುಭವವೋ?

ಮುರ್ಡೇಶ್ವರದ ಹತ್ತಿರ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಮಾಡಿ ಬಂದ ಗೆಳೆಯರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಅಷ್ಟು ದುಡ್ಡು ಕೊಟ್ಟು ಕೋರ್ಸ್ ಯಾಕೆ ಮಾಡಬೇಕು? ನಾಲ್ಕು ಸಲ ನೀರಿಗಿಳಿದರೆ ತಾನಾಗಿ ಬರುವುದಿಲ್ಲವೇ?" ನಾನು ಕೋರ್ಸ್ ಮುಗಿಸಿದವನು. ನನಗೆ ತಿಳಿದಷ್ಟು ಹೇಳುತ್ತೇನೆ.

ಅವರು ಮಾಡಿದ್ದು ಟ್ರಯಲ್ ಡೈವ್. ಅದಕ್ಕೆ ಸರ್ಟಿಫಿಕೇಟ್ ಬೇಡ, ತರಬೇತುದಾರರು ಪಕ್ಕದಲ್ಲೇ ಇರುತ್ತಾರೆ. ತರಬೇತುದಾರರಿಲ್ಲದೆ ಜೊತೆಗಾರನೊಬ್ಬನೊಂದಿಗೆ ಇಳಿಯಲು ಕಾರ್ಡ್ ಬೇಕು. ಪಾಡಿ ಸಂಸ್ಥೆಯ 'ಓಪನ್ ವಾಟರ್' ಕೋರ್ಸ್‌ನಲ್ಲಿ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು, ಪಾಠ ಓದಿ ಪರೀಕ್ಷೆ ಬರೆಯಬೇಕು, ಕೊಳದಲ್ಲಿ ಅಭ್ಯಾಸ ಮಾಡಿ ನಾಲ್ಕು ಡೈವ್ ಮುಗಿಸಬೇಕು. ಆಗ 18 ಮೀಟರ್ ಆಳದವರೆಗಿನ ಕಾರ್ಡ್ ಸಿಗುತ್ತದೆ.

ಇದು ಯಾಕೆ ಬೇಕು? ನಮ್ಮ ಪಠ್ಯದಲ್ಲಿರುವ ಬಾಯ್ಲ್ ನಿಯಮ ನೆನಪಿಸಿಕೊಳ್ಳಿ. ಸಮುದ್ರದಲ್ಲಿ 10 ಮೀಟರ್ ಕೆಳಗೆ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಉಸಿರು ತುಂಬಿಕೊಂಡು, ಬಿಡದೆ ಮೇಲೆ ಬಂದರೆ ಆ ಗಾಳಿ ಎರಡು ಪಟ್ಟು ಹಿಗ್ಗಲು ನೋಡುತ್ತದೆ, ಶ್ವಾಸಕೋಶ ಹರಿಯಬಹುದು. ಹೆದರಿದವನು ಮಾಡುವುದೂ ಅದನ್ನೇ: ಉಸಿರು ಬಿಗಿಹಿಡಿದು ಮೇಲಕ್ಕೆ ಧಾವಿಸುವುದು. ಇದನ್ನು ಅನುಭವದಿಂದ ಕಲಿಯುತ್ತೇನೆ ಎಂದರೆ ಎರಡನೇ ಅವಕಾಶ ಸಿಗದಿರಬಹುದು.

ಆದರೆ ಕಾರ್ಡ್ ಸಿಕ್ಕಿತೆಂದು ಬೀಗುವಂತೆಯೂ ಇಲ್ಲ. ಮುಂದಿನ 'ಅಡ್ವಾನ್ಸ್ಡ್' ಕೋರ್ಸ್‌ಗೆ ಇನ್ನೈದು ಡೈವ್ ಸಾಕು. ಅಂದರೆ ಒಟ್ಟು ಒಂಬತ್ತೇ ಡೈವ್ ಮಾಡಿದವರ ಕೈಯಲ್ಲೂ 30 ಮೀಟರ್ ಆಳದ ಕಾರ್ಡ್ ಇರಬಹುದು! ಕಾರ್ಡ್‌ಗೆ ಕೊನೆಯ ದಿನಾಂಕವಿಲ್ಲ, ಆದರೆ ಅಭ್ಯಾಸ ತಪ್ಪಿದರೆ ಕೈ ಮರೆಯುತ್ತದೆ. ಉಸಿರಾಟದಿಂದಲೇ ನೀರಿನಲ್ಲಿ ಸಮತೋಲನ ಕಾಯುವುದು, ಗಾಳಿಯನ್ನು ಹಿತಮಿತವಾಗಿ ಬಳಸುವುದು, ಕದಡಿದ ನೀರಿನಲ್ಲಿ ಗಾಬರಿಯಾಗದಿರುವುದು ಮತ್ತೆ ಮತ್ತೆ ಇಳಿದೇ ಬರಬೇಕು.

ಬರೀ ಲೆಕ್ಕವೂ ಮೋಸ ಮಾಡುತ್ತದೆ. ಒಂದೇ ಶಾಂತ ಜಾಗದಲ್ಲಿ ನೂರು ಸಲ ಇಳಿದವನಿಗೆ ಸೆಳೆತವಿರುವ ನೀರು ಹೊಸದೇ. ಅದಕ್ಕೇ ಪ್ರತಿ ಡೈವ್‌ನ ಆಳ, ಸಮಯ, ಉಳಿದ ಗಾಳಿ, ನೀರಿನ ಸ್ಥಿತಿಯನ್ನು ಲಾಗ್‌ಬುಕ್‌ನಲ್ಲಿ ಬರೆದಿಡಬೇಕು. ಇತರರಿಗೆ ದಾರಿ ತೋರುವ 'ಡೈವ್‌ಮಾಸ್ಟರ್' ಆಗಲು 18 ವರ್ಷ ತುಂಬಿರಬೇಕು, ಕನಿಷ್ಠ 60 ಡೈವ್ ದಾಖಲಾಗಿರಬೇಕು. ಕಾರ್ಡ್ ಕೊಡುವ ಸಂಸ್ಥೆಯೇ ಅನುಭವವನ್ನು ಎಣಿಸುತ್ತದೆ ಎಂಬುದನ್ನು ಗಮನಿಸಿ.

ಆದ್ದರಿಂದ ಗೆಳೆಯರೇ, ಮೊದಲು ಕೋರ್ಸ್ ಮಾಡಿ. ಆಮೇಲೆ ಮುಂದಿನ ಕಾರ್ಡ್‌ಗೆ ಅವಸರ ಬೇಡ. ಅನುಭವಿಗಳ ಜೊತೆ ಕಡಿಮೆ ಆಳದಲ್ಲೇ ಹಲವು ಸಲ ಇಳಿಯಿರಿ. ಜೀವ ಅಲ್ಲಾಹನು ನಮಗೆ ಕೊಟ್ಟ ಅಮಾನತು. ನೀರು ಸರಿಯಿಲ್ಲ ಅನ್ನಿಸಿದ ದಿನ, ಹಣ ಕಟ್ಟಿದ್ದರೂ, "ಇವತ್ತು ನಾನು ಇಳಿಯುವುದಿಲ್ಲ" ಎನ್ನಲು ಹಿಂಜರಿಯಬೇಡಿ.