ಮರಳುವ ದಾರಿಯ ಲೆಕ್ಕ

ಅಮೆರಿಕದ ಮಿಸಿಸಿಪ್ಪಿ ನದಿಯಲ್ಲಿ ಸಣ್ಣ ಯಂತ್ರದೋಣಿಯೇರಿ ವಾರಗಟ್ಟಲೆ ವಿಹರಿಸುವವರಿದ್ದಾರೆ. ಅಂತಹ ಪಯಣಕ್ಕೆ ಅಣಿಯಾಗುವವರು ಊಟ, ಹಾಸಿಗೆಗಳಿಗಿಂತ ಮೊದಲು ಇಂಧನವನ್ನು ಅಳೆಯಬೇಕೆಂದು ನಮಗನಿಸುತ್ತದೆ. ಸೇಂಟ್ ಲೂಯಿಸ್‌ನಿಂದ ಕೆಳಗೆ ನದಿಯನ್ನು ತಡೆಯುವ ಅಣೆಕಟ್ಟುಗಳಿಲ್ಲ. ಸೆಳೆತ ಬಲವಾದುದು, ಪೆಟ್ರೋಲ್ ದೊರೆಯುವ ತಂಗುದಾಣಗಳೋ ಅತಿ ವಿರಳ.

ಹೋಗಲು ಒಂದು ಪಾಲು, ಬರಲು ಒಂದು, ಆಪತ್ತಿಗೆ ಒಂದು ಎಂಬುದು ದೋಣಿಗರ ರೂಢಿ. ನಿಶ್ಚಲ ನೀರಿನಲ್ಲಿ ಗಂಟೆಗೆ 10 ಕಿ.ಮೀ. ಸಾಗುವ ದೋಣಿಗೆ 4 ಕಿ.ಮೀ. ವೇಗದ ಪ್ರವಾಹ ಎದುರಾಯಿತೆನ್ನಿ. 42 ಕಿ.ಮೀ. ಇಳಿಯಲು 3 ಗಂಟೆ ಸಾಕು. ಅಲ್ಲಿನ ತಂಗುದಾಣ ಮುಚ್ಚಿದ್ದರೆ? ಮರಳಿ ಏರಲು 7 ಗಂಟೆ ಬೇಕು. 9 ಗಂಟೆಯ ಇಂಧನ ತುಂಬಿಸಿದವನಲ್ಲಿ ಆಪತ್ತಿನ ಪಾಲೂ ಸೇರಿ ಉಳಿದಿರುವುದು 6 ಗಂಟೆಯದು ಮಾತ್ರ. ಹೆಂಡತಿ ಮಕ್ಕಳೊಡನೆ ಆತ ನಡುಹೊಳೆಯಲ್ಲಿ ಉಳಿದಂತೆಯೇ.

1673ರಲ್ಲಿ ಯೇಸುಸಭೆಯ ಗುರು ಜಾಕ್ ಮಾರ್ಕೆಟ್ ಮತ್ತು ಲೂಯಿ ಜೋಲಿಯೆ ಐವರು ಸಂಗಡಿಗರೊಡನೆ ತೊಗಟೆದೋಣಿಗಳಲ್ಲಿ ಇದೇ ನದಿಯನ್ನಿಳಿದು ಅರ್ಕಾನ್ಸಾ ಸಂಗಮದ ಸಮೀಪದಿಂದ ಹಿಂದಿರುಗಿದರು. ತೋಳ್ಬಲವೇ ಅವರ ಇಂಧನ. ಮರಳುವಾಗ ಇಲಿನಾಯ್ ನದಿಯ ಹತ್ತಿರದ ಹಾದಿ ಹಿಡಿದರು. ಇಂದಿನ ವಿಹಾರಿಗಳಲ್ಲಿಯೂ ಅನೇಕರು ಮಿಸಿಸಿಪ್ಪಿಯ ಕೆಳಹರಿವಿಗೆ ಇಳಿಯದೆ, ಕೈರೊ ಊರಿನ ಬಳಿ ಒಹಾಯೊ ನದಿಗೆ ತಿರುಗಿ, ಟೆನೆಸಿ ನದಿಯ ಮಾರ್ಗವಾಗಿ ದಕ್ಷಿಣದ ಕಡಲನ್ನು ಸೇರುತ್ತಾರೆ.