ಬಾಡಿಯಾಚೆ ನಿಂತ ಎರಡು ಲಿವರು

1911ರ ಮರ್ಸರ್ ರೇಸ್‌ಅಬೌಟ್ ಕಾರಿಗೆ ಬಾಗಿಲಿಲ್ಲ, ಚಾವಣಿಯಿಲ್ಲ, ಮುಂದೆ ಅಗಲದ ಗಾಜೂ ಇಲ್ಲ. ಸ್ಟಿಯರಿಂಗ್ ಕಂಬಕ್ಕೆ ಕಚ್ಚಿಸಿದ ಒಂದು ದುಂಡು ಗಾಜು, ಎರಡು ಪುಟ್ಟ ಸೀಟು, ಅವುಗಳ ಬೆನ್ನಿಗೆ ಪೀಪಾಯಿಯಂಥ ಪೆಟ್ರೋಲ್ ಟ್ಯಾಂಕು, ಇಷ್ಟೇ ಅದರ ಸಂಸಾರ. ಆದರೆ ಬಲಬದಿಗೆ ಬಂದರೆ ಕಣ್ಣು ಅಲ್ಲೇ ನಿಂತುಬಿಡುತ್ತದೆ. ಚಾಲಕನ ಬಲಗೈಗೆ ಎಟುಕುವಷ್ಟು ಹತ್ತಿರದಲ್ಲಿ, ಬಾಡಿಯಿಂದ ಪೂರ್ತಿ ಹೊರಗೆ, ಎರಡು ಉದ್ದನೆಯ ಲಿವರುಗಳು ಎದ್ದು ನಿಂತಿವೆ. ಒಂದು ಗೇರಿನದು, ಇನ್ನೊಂದು ಬ್ರೇಕಿನದು.

ಆ ನೋಟಕ್ಕೆ ಮನಸೋತವರು ಇವತ್ತಿಗೂ ಇದ್ದಾರೆ. ಅಮೆರಿಕದಲ್ಲಿ, ಬ್ರಿಟನ್ನಿನಲ್ಲಿ, ಆಸ್ಟ್ರೇಲಿಯದಲ್ಲಿ ಹಳೆಯ ಫೋರ್ಡ್ ಮಾಡೆಲ್ ಟಿ ಚಾಸಿ ಹುಡುಕಿ ತಂದು, ಮನೆಯ ಗ್ಯಾರೇಜಿನಲ್ಲೇ ಅದರ ಮೇಲೆ ಸ್ಪೀಡ್‌ಸ್ಟರ್ ಕಟ್ಟುವ ಹವ್ಯಾಸಿಗಳಿದ್ದಾರೆ. ಸ್ಪೀಡ್‌ಸ್ಟರ್ ಎಂದರೆ ಮೈ ಕಳಚಿಟ್ಟು ಹಗುರಾದ, ತೆರೆದ, ಎರಡೇ ಸೀಟಿನ ಓಟದ ಗಾಡಿ. ಅದನ್ನು ಕಟ್ಟುವ ಕೆಲಸದಲ್ಲಿ ನೋಡುವವರಿಗೆ ಸಲೀಸೆನಿಸುವ, ಮಾಡುವವರಿಗೆ ತಲೆ ಕೆಡಿಸುವ ಭಾಗವೊಂದಿದೆ: ಒಳಗಿದ್ದ ಲಿವರುಗಳನ್ನು ಬಾಡಿಯ ಹೊರಕ್ಕೆ ತರುವುದು. ಲಿವರನ್ನು ಹೊರಗೆ ನಿಲ್ಲಿಸುವುದು ದೊಡ್ಡದಲ್ಲ. ಒಳಗಿದ್ದಾಗ ಅದು ಮಾಡುತ್ತಿದ್ದ ಕೆಲಸವನ್ನು ಹೊರಗಿನಿಂದಲೂ ಅಷ್ಟೇ ಚೊಕ್ಕವಾಗಿ ಮಾಡಿಸುವುದರಲ್ಲಿ ಕಸುಬಿದೆ.

ಅಸಲಿಗೆ ಕಾರಿನ ಲಿವರುಗಳು ಮೊದಲು ಇದ್ದದ್ದೇ ಹೊರಗೆ. ಆಗ ಕಂಪನಿಗಳು ಎಂಜಿನ್ನು, ಗೇರ್‌ಬಾಕ್ಸು, ಗಾಲಿಗಳ ಸಮೇತ ಚಾಸಿಯನ್ನಷ್ಟೇ ಮಾರುವುದೂ ವಾಡಿಕೆಯಾಗಿತ್ತು. ಬಾಡಿಯನ್ನು ಸಾರೋಟು ಕಟ್ಟುವ ಕುಶಲಕರ್ಮಿಗಳು ಬೇರೆ ಕಡೆ ಕಟ್ಟುತ್ತಿದ್ದರು. ಗೇರ್‌ಬಾಕ್ಸಿನಿಂದ ಅಡ್ಡಕ್ಕೆ ಹೊರಟ ಶಾಫ್ಟು ಚಾಸಿಯ ಬಲ ಅಂಚು ದಾಟಿ ಹೊರಬರುತ್ತಿತ್ತು, ಲಿವರು ಅದರ ತುದಿಯಲ್ಲಿ ಕೂರುತ್ತಿತ್ತು. ಬಾಡಿ ಕಟ್ಟುವವನು ಅದನ್ನು ಮುಟ್ಟದೆ ಒಳಗಡೆ ತನ್ನ ಮರಗೆಲಸ ಮುಗಿಸುತ್ತಿದ್ದ. ಇಂಡಿಯಾನಾಪೊಲಿಸ್‌ನ ಹ್ಯಾರಿ ಸ್ಟಟ್ಸ್ 1912ರಲ್ಲಿ ತಂದ ಬೇರ್‌ಕ್ಯಾಟ್ ಕಾರಿನಲ್ಲಿ ಗೇರ್‌ಬಾಕ್ಸು ಹಿಂದಿನ ಆಕ್ಸಲ್ಲಿನ ಜೊತೆಗೇ ಇತ್ತು. ಆದರೂ ಅದರ ಲಿವರು ಚಾಲಕನ ಬಲಕ್ಕೆ, ಹೊರಗೇ ನಿಂತಿತ್ತು.

ಮುಂದೆ ಬಾಗಿಲುಗಳು ಬಂದವು. ಮಳೆಗಾಳಿಗೆ ಮೈಯೊಡ್ಡಲು ಜನ ಒಪ್ಪಲಿಲ್ಲ, ಹೊರಗಿನ ಲಿವರು ಬಾಗಿಲಿಗೆ ಅಡ್ಡವಾಯಿತು. ಅಮೆರಿಕದಲ್ಲಿ ಸ್ಟಿಯರಿಂಗು ಎಡಕ್ಕೆ ಸರಿಯಿತು, ಗೇರ್ ಲಿವರು ಎರಡು ಸೀಟುಗಳ ನಡುವೆ ಬಂದು ಕೂತಿತು. ಬ್ರಿಟನ್ನಿನಲ್ಲಿ ಹಳೆಯ ಪದ್ಧತಿ ಅಷ್ಟು ಬೇಗ ಬಿಡಲಿಲ್ಲ. 1920ರ ದಶಕದ ಬೆಂಟ್ಲಿಗಳಲ್ಲಿ ಹ್ಯಾಂಡ್ ಬ್ರೇಕು ಬಾಡಿಯ ಹೊರಗೇ ಇತ್ತು. ಫ್ರಾನ್ಸಿನಲ್ಲಿ 1924ರಲ್ಲಿ ಬಂದ ಬುಗಾಟಿ ಟೈಪ್ 35ರಲ್ಲೂ ಹಾಗೆಯೇ.

ಹೆನ್ರಿ ಫೋರ್ಡರ ಮಾಡೆಲ್ ಟಿ ಹೊರಬಂದದ್ದು 1908ರಲ್ಲಿ. 1927ರಲ್ಲಿ ನಿಲ್ಲುವಷ್ಟರಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಗಾಡಿಗಳು ತಯಾರಾಗಿದ್ದವು. ಅಷ್ಟೊಂದು ಗಾಡಿಗಳಿದ್ದ ಮೇಲೆ ಹಳೆಯದೊಂದನ್ನು ಅಗ್ಗಕ್ಕೆ ಕೊಂಡು, ಬಾಡಿ ಕಿತ್ತೆಸೆದು, ಓಟಕ್ಕೆ ಇಳಿಸುವ ಹುಮ್ಮಸ್ಸು ಹುಡುಗರಿಗೆ ಬಾರದಿರುತ್ತದೆಯೇ? ಅವರಿಗೆಂದೇ ತಗಡಿನ ಕಿರಿದಾದ ಬಾಡಿ ಮಾರುವ ಕಂಪನಿಗಳು ಹುಟ್ಟಿಕೊಂಡವು. ಎಂಜಿನ್ನಿನ ಶಕ್ತಿ ಹೆಚ್ಚಿಸುವ ರೇಜೊ, ಫ್ರಾಂಟೆನ್ಯಾಕ್ ಹೆಡ್‌ಗಳು ಬಂದವು. ಫ್ರಾಂಟೆನ್ಯಾಕ್ ಹಿಂದೆ ಇದ್ದವರು ಷೆವ್ರೊಲೆ ಸಹೋದರರು. 1923ರ ಇಂಡಿಯಾನಾಪೊಲಿಸ್ 500 ಮೈಲಿ ಓಟದಲ್ಲಿ ಇಂಥದೇ ಫೋರ್ಡ್ ಮೂಲದ ಗಾಡಿಯೊಂದು, ಎಲ್. ಎಲ್. ಕೋರಮ್ ಚಾಲನೆಯಲ್ಲಿ, 5ನೆಯ ಸ್ಥಾನ ಪಡೆಯಿತು. ಹೊಲಮನೆಯ ಗಾಡಿ ಎಂದು ಕರೆಸಿಕೊಂಡಿದ್ದ ಕಾರಿಗೆ ಇದು ಸಣ್ಣ ಗೌರವವಲ್ಲ.

ಈ ಕಿರಿದಾದ ಬಾಡಿಯೇ ಲಿವರಿನ ಪ್ರಶ್ನೆಯನ್ನು ತಂದಿಟ್ಟದ್ದು. ಮಾಡೆಲ್ ಟಿಯ ಮೂಲ ಬಾಡಿ ಚಾಸಿಗಿಂತ ಅಗಲ. ಹಾಗಾಗಿ ಚಾಸಿಯ ಎಡ ಅಂಚಿನಲ್ಲಿ ಮೇಲೇಳುವ ಹ್ಯಾಂಡ್ ಬ್ರೇಕು ನೆಲಹಾಸಿನ ಮೂಲಕ ಬಂದು ಚಾಲಕನ ಎಡಗೈ ಪಕ್ಕ ನಿಲ್ಲುತ್ತದೆ. ಅಮೆರಿಕದಲ್ಲಿ ತಯಾರಾದ ತೆರೆದ ಮಾಡೆಲ್ ಟಿಗಳಿಗೆ ಎಷ್ಟೋ ವರ್ಷ ಎಡ ಮುಂಬಾಗಿಲೇ ಇರಲಿಲ್ಲ. ತಗಡಿನ ಮೇಲೆ ಬಾಗಿಲಿನ ಗೆರೆ ಮೂಡಿಸಿ ಬಿಟ್ಟಿದ್ದರು. ಸ್ಪೀಡ್‌ಸ್ಟರಿನಲ್ಲಿ ಬಾಡಿ ಚಾಸಿಯಷ್ಟೇ ಕಿರಿದು, ಸೀಟು ಕೆಳಗೆ ಮತ್ತು ಹಿಂದೆ, ಸ್ಟಿಯರಿಂಗ್ ಕಂಬ ಉದ್ದಕ್ಕೆ ವಾಲಿಕೊಂಡದ್ದು. ಮೂಲ ಜಾಗದಲ್ಲೇ ಬಿಟ್ಟರೆ ಲಿವರು ಚಾಲಕನ ಮೊಣಕಾಲಿಗೆ ತಗಲುತ್ತದೆ, ಕೈಗೆ ಸಿಗುವುದಿಲ್ಲ. ಹಿಂದಕ್ಕೂ ಹೊರಕ್ಕೂ ಸರಿಸಲೇಬೇಕು.

ಮಾಡೆಲ್ ಟಿಯ ಆ ಲಿವರು ಬರೀ ಬ್ರೇಕಾಗಿದ್ದರೆ ಕೆಲಸ ಹಗುರವಾಗುತ್ತಿತ್ತು. ಈ ಕಾರಿನಲ್ಲಿ ಗೇರು ಬದಲಿಸುವುದು ಕಾಲಿನಿಂದ: ಎಡ ಪೆಡಲು ಒತ್ತಿದರೆ ಮೊದಲ ಗೇರು, ಪೂರ್ತಿ ಬಿಟ್ಟರೆ ಟಾಪು, ನಡುವೆ ನ್ಯೂಟ್ರಲ್. ಮಧ್ಯದ ಪೆಡಲು ರಿವರ್ಸಿಗೆ, ಬಲದ್ದು ಬ್ರೇಕಿಗೆ. ಕೈಲಿವರು ಕೂತಿರುವ ಅಡ್ಡ ಶಾಫ್ಟಿನ ಮೇಲೊಂದು ಕ್ಯಾಮ್ ಇದೆ. ಲಿವರು ಮುಂದಿದ್ದರೆ ಕ್ಯಾಮ್ ದೂರ ಸರಿದು ಕ್ಲಚ್ಚು ಕಚ್ಚಿಕೊಳ್ಳಲು ಬಿಡುತ್ತದೆ. ನೆಟ್ಟಗೆ ನಿಲ್ಲಿಸಿದರೆ ಕ್ಯಾಮ್ ಒಂದು ಸ್ಕ್ರೂವನ್ನು ಒತ್ತಿ ಕ್ಲಚ್ಚನ್ನು ಬಿಡಿಸಿ ಹಿಡಿಯುತ್ತದೆ, ಗಾಡಿ ನ್ಯೂಟ್ರಲ್ಲಿನಲ್ಲಿರುತ್ತದೆ. ಪೂರ್ತಿ ಹಿಂದಕ್ಕೆಳೆದರೆ ಹಿಂದಿನ ಎರಡೂ ಗಾಲಿಗಳಿಗೆ ಬ್ರೇಕು ಬೀಳುತ್ತದೆ. ಒಂದೇ ಲಿವರಿಗೆ ಮೂರು ಸ್ಥಾನ, ಎರಡು ಕೆಲಸ. ಇದನ್ನು ಹೊರಗೆ ತರುವಾಗ ಲಿವರಿನ ಕೋನ ಸ್ವಲ್ಪ ತಪ್ಪಿದರೂ ನೋಟಕ್ಕೆ ಗೊತ್ತಾಗುವುದಿಲ್ಲ, ಕ್ಯಾಮಿಗೆ ಗೊತ್ತಾಗುತ್ತದೆ. ಆಗ ಎಂಜಿನ್ನು ಚಾಲೂ ಮಾಡಲು ಗಾಡಿಯ ಮುಂದೆ ನಿಂತು ಹ್ಯಾಂಡಲ್ ತಿರುಗಿಸುವವನ ಮೇಲೇ ಅದು ಹರಿದು ಬರಬಹುದು. ಚಳಿಯಲ್ಲಿ ಎಣ್ಣೆ ಗಟ್ಟಿಯಾಗಿ ಕ್ಲಚ್ಚಿನ ತಟ್ಟೆಗಳು ಅಂಟಿಕೊಳ್ಳುವ ಈ ಕಾರಿನಲ್ಲಿ ಇದು ಹೆದರಿಸಲು ಹೇಳುವ ಮಾತಲ್ಲ.

ದಾರಿಗಳು ಮುಖ್ಯವಾಗಿ ಎರಡು. ಮೊದಲನೆಯದು, ಆ ಅಡ್ಡ ಶಾಫ್ಟನ್ನೇ ಉದ್ದ ಮಾಡಿ ಚಾಸಿಯಾಚೆ ಒಯ್ದು, ತುದಿಗೆ ಲಿವರು ಕೂರಿಸುವುದು. ಎರಡನೆಯದು, ಹಿಂದೆ, ಸೀಟಿನ ಪಕ್ಕ, ಹೊಸದೊಂದು ಗಿಡ್ಡ ಶಾಫ್ಟು ಹಾಕಿ ಅಲ್ಲಿಂದ ಹಳೆಯದಕ್ಕೆ ಒಂದು ಸರಳು ಜೋಡಿಸುವುದು.

ಉದ್ದ ಮಾಡಿದ ಶಾಫ್ಟಿಗೆ ತಿರುಚಿಕೊಳ್ಳುವ ಗುಣ ಬರುತ್ತದೆ. ಅದೇ ದಪ್ಪದ ಸರಳು ಎರಡು ಪಟ್ಟು ಉದ್ದವಾದರೆ ಎರಡು ಪಟ್ಟು ತಿರುಚುತ್ತದೆ. ಮದ್ದು ದಪ್ಪದಲ್ಲಿದೆ: 1 ಅಂಗುಲದ ಸರಳಿನ ಬದಲು ಒಂದೂಕಾಲು ಅಂಗುಲದ್ದು ಹಾಕಿದರೆ ತಿರುಚನ್ನು ತಡೆಯುವ ಬಲ ಸುಮಾರು ಎರಡೂವರೆ ಪಟ್ಟಾಗುತ್ತದೆ. ಜೊತೆಗೆ ಚಾಸಿಯಾಚೆ ಚಾಚಿದ ತುದಿಗೆ ಆಸರೆ ಬೇಕು. ಬ್ರಾಕೆಟ್ಟೊಂದನ್ನು ಬೋಲ್ಟಿನಿಂದ ಬಿಗಿದು, ಕಂಚಿನ ಬುಷ್ ಹಾಕಿ, ಗ್ರೀಸಿಗೆ ದಾರಿ ಕೊಟ್ಟರೆ ಲಿವರು ಎಳೆದಾಗ ಬಾಗುವುದಿಲ್ಲ. ಈ ಬುಷ್ ಬಿಟ್ಟವರ ಗಾಡಿ ಗುರುತಿಸುವುದು ಸುಲಭ: ಲಿವರನ್ನು ಹೊರಕ್ಕೆ ಅಲ್ಲಾಡಿಸಿ ನೋಡಿದರೆ ಸಾಕು.

ಎರಡನೆಯ ದಾರಿಯಲ್ಲಿ ಲೆಕ್ಕ ಬೇರೆ. ಶಾಫ್ಟಿನಿಂದ ಹಿಡಿಯವರೆಗೆ 24 ಅಂಗುಲ, ಸರಳು ಎಳೆಯುವ ಕೆಳಗಿನ ತೋಳು 3 ಅಂಗುಲ ಎಂದಿಟ್ಟುಕೊಳ್ಳೋಣ. ಕೈ ಹಾಕಿದ ಬಲ 8 ಪಟ್ಟಾಗುತ್ತದೆ, 20 ಕೆ.ಜಿ. ಎಳೆತ ಸರಳಿಗೆ 160 ಕೆ.ಜಿ. ಆಗಿ ಮುಟ್ಟುತ್ತದೆ. ಅಂದ ಕಾಣಲೆಂದು ಆ ತೋಳನ್ನು 6 ಅಂಗುಲ ಮಾಡಿದರೆ ಬಲ ಅರ್ಧಕ್ಕಿಳಿಯಿತು. ಹಳೆಯ ಮತ್ತು ಹೊಸ ಶಾಫ್ಟುಗಳಲ್ಲಿ ಸರಳಿನ ತೋಳುಗಳ ಅಳತೆಯೂ ಕೋನವೂ ಒಂದೇ ಇರಬೇಕು ಎಂದು ಪಳಗಿದವರು ಪಟ್ಟು ಹಿಡಿಯುವುದು ಇದಕ್ಕೇ. ಹಾಗಿದ್ದರೆ ಮಾತ್ರ ಹೊರಗಿನ ಲಿವರು ಎಷ್ಟು ತಿರುಗಿತೋ ಒಳಗಿನ ಕ್ಯಾಮ್ ಅಷ್ಟೇ ತಿರುಗುತ್ತದೆ.

ಕಾಲಿನಲ್ಲೇ ಗೇರು ಬದಲಿಸುವ ಗಾಡಿಗೆ ಎರಡನೆಯ ಲಿವರು ಏಕೆ? ಅದಕ್ಕೂ ನ್ಯಾಯವಾದ ಕಾರಣವಿದೆ. ಮಾಡೆಲ್ ಟಿಗೆ ಮುಂದಕ್ಕೆ ಎರಡೇ ಗೇರು. ಏರು ಹತ್ತಲು ಸಾಲದೆ ಹಲವರು ರಕ್‌ಸ್ಟೆಲ್ ಎಂಬ ಎರಡು ವೇಗದ ಹಿಂದಿನ ಆಕ್ಸಲ್ಲನ್ನೋ, ವಾರ್‌ಫರ್ಡ್ ಎಂಬ ಹೆಚ್ಚುವರಿ ಗೇರ್‌ಬಾಕ್ಸನ್ನೋ ಸೇರಿಸುತ್ತಿದ್ದರು, ಈಗಲೂ ಸೇರಿಸುತ್ತಾರೆ. ರಕ್‌ಸ್ಟೆಲ್ಲಿನ ಲಿವರು ಮುಂದೆ ಹಿಂದೆ ಆಡಿದರೆ ಸಾಕು, ಹೊರಗಿಡುವುದು ಸಲೀಸು. ಬ್ರೇಕಿನ ಪಕ್ಕದಲ್ಲೇ ಅದನ್ನು ನಿಲ್ಲಿಸಿದರೆ ಮರ್ಸರಿನ ಜೋಡಿ ಲಿವರಿನ ನೋಟ ಮಾಡೆಲ್ ಟಿಗೂ ಬರುತ್ತದೆ, ಬಲದ ಬದಲು ಎಡದಲ್ಲಿ. ಕಾರ್ಬುರೇಟರು, ಬಿಸಿ ಹೊಗೆ ಕೊಳವೆ ಎರಡೂ ಬಲಕ್ಕಿರುವ ಈ ಎಂಜಿನ್ನಿಗೆ ಎಡವೇ ಅನುಕೂಲ.

ವಾರ್‌ಫರ್ಡ್ ಹಾಕಿದ ಗಾಡಿಯಲ್ಲಿ ಕೈ ಬ್ರೇಕಿನ ಬೆಲೆ ಇನ್ನೂ ಹೆಚ್ಚು. ಮಾಡೆಲ್ ಟಿಯ ಪೆಡಲ್ ಬ್ರೇಕು ಗಾಲಿಯನ್ನು ಹಿಡಿಯುವುದಿಲ್ಲ. ಗೇರ್‌ಬಾಕ್ಸಿನೊಳಗಿನ ಡ್ರಮ್ಮನ್ನು ಹಿಡಿಯುತ್ತದೆ. ಅದರ ಹಿಂದಿರುವ ವಾರ್‌ಫರ್ಡ್ ಇಳಿಜಾರಿನಲ್ಲಿ ನ್ಯೂಟ್ರಲ್ಲಿಗೆ ಬಿದ್ದರೆ ಆ ಡ್ರಮ್ಮಿಗೂ ಗಾಲಿಗಳಿಗೂ ಸಂಬಂಧವೇ ಕಡಿದುಹೋಗುತ್ತದೆ. ಪೆಡಲು ಎಷ್ಟು ತುಳಿದರೂ ಪ್ರಯೋಜನವಿಲ್ಲ. ಆಗ ಉಳಿಯುವುದು ಹಿಂದಿನ ಗಾಲಿಗಳ ಬ್ರೇಕು, ಅಂದರೆ ಹೊರಗೆ ನಿಂತಿರುವ ಆ ಲಿವರು. ಗಾಲಿ ಡ್ರಮ್ಮುಗಳ ಹೊರಮೈ ಹಿಡಿಯುವ ರಾಕಿ ಮೌಂಟನ್ ಬ್ರೇಕುಗಳನ್ನು ಪೆಡಲಿಗೆ ಜೋಡಿಸಿಕೊಳ್ಳುವ ಪದ್ಧತಿ ಬೆಳೆದದ್ದು ಇಂಥ ಅಪಾಯದಿಂದಲೇ. ಅವೂ ಗಾಡಿ ಹಿಂದಕ್ಕೆ ಉರುಳುವಾಗ ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ.

ಸಾಮಾನ್ಯ ಮೂರು ಗೇರಿನ ಬೇರೆ ಹಳೆಯ ಕಾರುಗಳಲ್ಲಿ ಲಿವರು ಹೊರತರುವುದು ಇನ್ನಷ್ಟು ಸೊಗಸಾದ ಒಗಟು. ಅಲ್ಲಿ ಲಿವರಿಗೆ ಎರಡು ಚಲನೆ: ಅಡ್ಡಕ್ಕೆ ಸರಿಸಿ ಸಾಲನ್ನು ಆರಿಸಬೇಕು, ಆಮೇಲೆ ಮುಂದೆ ಹಿಂದೆ ದೂಡಬೇಕು. ಅಡ್ಡ ಶಾಫ್ಟೊಂದು ಕೊಳವೆಯೊಳಗೆ ಸರಿಯುತ್ತ, ಸುತ್ತುತ್ತ ಎರಡನ್ನೂ ಮಾಡಬಲ್ಲದು. ಬಲಗೈ ಗೇರಿನ ಹಳೆಯ ಕಾರುಗಳ ಉಪಾಯವೂ ಇದೇ. ತೊಡಕಿರುವುದು ದಿಕ್ಕಿನಲ್ಲಿ. ನಡುವಿನ ಲಿವರು ಗುಂಡಿನ ಮೇಲೆ ಆಡುವುದರಿಂದ ಹಿಡಿ ಎಡಕ್ಕೆ ಹೋದರೆ ಕೆಳಗಿನ ತುದಿ ಬಲಕ್ಕೆ ಹೋಗುತ್ತದೆ. ಸರಿಯುವ ಶಾಫ್ಟಿನಲ್ಲಿ ಎಡವೆಂದರೆ ಎಡವೇ. ಹೀಗಾಗಿ ಗೇರಿನ ನಕ್ಷೆ ಕನ್ನಡಿಯಲ್ಲಿ ಕಂಡಂತೆ ಮಗುಚಿಕೊಳ್ಳುತ್ತದೆ. ಮೊದಲ ಗೇರು, ರಿವರ್ಸು ಇದ್ದ ಸಾಲಿನ ಜಾಗಕ್ಕೆ ಎರಡು, ಮೂರು ಬರುತ್ತವೆ. ಲಿವರನ್ನು ಬ್ರಾಕೆಟ್ಟಿನಲ್ಲಿ ಕೀಲಿಗೆ ತೂಗಿ, ಶಾಫ್ಟನ್ನು ಆ ಕೀಲಿನ ಕೆಳಗೆ ಜೋಡಿಸಿದರೆ ದಿಕ್ಕು ಮತ್ತೆ ಸರಿಯಾಗುತ್ತದೆ. ಚಾಸಿ ಹಳ್ಳದಿಣ್ಣೆಯಲ್ಲಿ ತಿರುಚಿದಾಗ ಶಾಫ್ಟು ಸಿಕ್ಕಿಕೊಳ್ಳದಂತೆ ಒಂದು ಬಾಗುವ ಕೀಲೂ ಬೇಕು. ಇದು ಚಿಕ್ಕ ವರ್ಕ್‌ಶಾಪಿನ ಲೇತಿನಲ್ಲಿ ಆಗುವ ಕೆಲಸ, ಆದರೆ ಕಾಗದದ ಮೇಲೆ ಮೊದಲು ಬರೆದುಕೊಂಡವರಿಗೆ ಮಾತ್ರ.

ಈ ಕಸುಬಿನಲ್ಲಿ ಮೆಚ್ಚಬೇಕಾದ ಇನ್ನೊಂದು ಶಿಸ್ತು, ಮೂಲವನ್ನು ಕೆಡಿಸದಿರುವುದು. ಸುಮಾರು ನೂರು ವರ್ಷದ ಚಾಸಿಗೆ ವೆಲ್ಡಿಂಗ್ ಕಡ್ಡಿ ಮುಟ್ಟಿಸದೆ, ಇದ್ದ ತೂತುಗಳನ್ನೇ ಬಳಸಿ ಬ್ರಾಕೆಟ್ ಬಿಗಿಯುವವರೂ, ಕಂಪನಿಯ ಶಾಫ್ಟನ್ನು ಕತ್ತರಿಸದೆ ಎತ್ತಿಟ್ಟು ಹೊಸದನ್ನು ಮಾಡಿಸುವವರೂ ಇದ್ದಾರೆ. ನಾಳೆ ಬೇರೊಬ್ಬರು ಅದನ್ನು ಮತ್ತೆ ಮನೆಮಂದಿಯ ಕಾರಾಗಿ ಕಟ್ಟಬಯಸಿದರೆ ಸಾಧ್ಯವಾಗಬೇಕು. ಬಾಡಿ ಸಮೇತ ಚೆನ್ನಾಗಿ ಉಳಿದಿರುವ ಗಾಡಿಯನ್ನು ಸ್ಪೀಡ್‌ಸ್ಟರಿಗಾಗಿ ಬಿಚ್ಚುವುದು ತಪ್ಪು; ಬಾಡಿ ಕಳೆದುಕೊಂಡು ಕೊಟ್ಟಿಗೆಯಲ್ಲಿ ಬಿದ್ದಿರುವ ಚಾಸಿಗಳೇ ಇದಕ್ಕೆ ಸರಿ.

ನಮ್ಮಲ್ಲಿ ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೋ, ಶ್ರೀರಂಗಪಟ್ಟಣದ ಬಳಿಯ 'ಪಯಣ' ಸಂಗ್ರಹಾಲಯಕ್ಕೋ ಹೋದವರು ಹೊಳೆಯುವ ಬಾನೆಟ್ಟಿನ ಮುಂದೆ ಫೋಟೊ ತೆಗೆಸಿಕೊಂಡ ಮೇಲೆ ಒಂದಿಷ್ಟು ಹೊತ್ತು ಚಾಲಕನ ಪಕ್ಕಕ್ಕೂ ಬರಲಿ. ಹ್ಯಾಂಡ್ ಬ್ರೇಕು ಎಲ್ಲಿದೆ, ಬಾಡಿಯ ಒಳಗೋ ಹೊರಗೋ, ಅದರ ಬುಡ ಯಾವ ಶಾಫ್ಟಿಗೆ ಸೇರುತ್ತದೆ ಎಂದು ಬಗ್ಗಿ ನೋಡಲಿ. ಮಕ್ಕಳು ಜೊತೆಗಿದ್ದರೆ ಅವರಿಗೂ ತೋರಿಸಲಿ.