ಕಾಡುಗೋಡಿಗೆ ಹೋಗಲೋ, ಹೊಸಕೋಟೆಯಲ್ಲೇ ಇರಲೋ?

ಡಿಗ್ರಿ ಮುಗಿಸಿ ಬೆಂಗಳೂರಿನಲ್ಲಿ ಮೊದಲ ಕೆಲಸ ಹಿಡಿದ ನಮ್ಮ ಹೊಸಕೋಟೆಯ ಹುಡುಗ ಹುಡುಗಿಯರಿಗೆಲ್ಲ ಎರಡು ಮೂರು ತಿಂಗಳಲ್ಲಿ ಒಂದೇ ಪ್ರಶ್ನೆ ಎದುರಾಗುತ್ತದೆ: ದಿನಾ ಓಡಾಡುವುದೋ, ಅಲ್ಲೇ ರೂಮ್ ಮಾಡುವುದೋ? ನನಗೂ ಎದುರಾಯಿತು. ಕೆಲಸ ವೈಟ್‌ಫೀಲ್ಡ್ ಕಡೆಯ ಒಂದು ಕಂಪನಿಯಲ್ಲಿ. ಕೈಗೆ ಬರುವ ಸಂಬಳ 24,000 ರೂಪಾಯಿ. ಜೊತೆಯಲ್ಲಿ ಕೆಲಸ ಮಾಡುವ ಗೆಳತಿ ಕಾಡುಗೋಡಿಯಲ್ಲಿ ಒಂದು ಮನೆ ನೋಡಿದ್ದಳು. ‘ಅರ್ಧ ಬಾಡಿಗೆ ನೀನು ಹಾಕು, ಅರ್ಧ ನಾನು. ಮೆಟ್ರೊ ನಡ್ಕೊಂಡು ಹೋಗೋಷ್ಟು ದೂರ’ ಎಂದಳು.

ನಕ್ಷೆ ನೋಡಿದರೆ ನಮ್ಮೂರಿಗೂ ಕಾಡುಗೋಡಿಗೂ ದೂರವೇ ಇಲ್ಲ. ಆದರೆ ನಮ್ಮ ಪಟ್ಟಣಕ್ಕೆ ರೈಲಿಲ್ಲ, ಮೆಟ್ರೊ ಇಲ್ಲ. ಕಾಡುಗೋಡಿಗೆ ನೇರ ಬಸ್ ಸಿಕ್ಕರೆ ಅದೃಷ್ಟ. ಇಲ್ಲದಿದ್ದರೆ ಕೆ.ಆರ್.ಪುರದವರೆಗೆ ಬಸ್ಸು, ಅಲ್ಲಿಂದ ಮೆಟ್ರೊ ಹತ್ತಿ ಪಟ್ಟಂದೂರು ಅಗ್ರಹಾರಕ್ಕೆ. ಅಂದರೆ ಪಕ್ಕದ ಊರಿಗೆ ಬಳಸಿಕೊಂಡು ಬಂದ ಹಾಗೆ. ಹೋಗಿ ಬರಲು ದಿನಕ್ಕೆ ಮೂರೂವರೆ ಗಂಟೆ. ಕಾಡುಗೋಡಿಯಲ್ಲಿದ್ದರೆ ಅರ್ಧ ಗಂಟೆ ಸಾಕು.

ಒಂದು ಭಾನುವಾರ ನೋಟ್‌ಬುಕ್ ಹಿಡಿದು ಕೂತೆ. ಮನೆ ಬಾಡಿಗೆ 14,000, ನನ್ನ ಪಾಲು 7,000. ಊಟ, ಗ್ಯಾಸು, ನೀರು ಸೇರಿ ಇನ್ನೊಂದು 5,000. ಈಗ ಬಸ್ಸಿಗೆ ಶಕ್ತಿ ಯೋಜನೆ ಇದೆ. ಮೆಟ್ರೊಗೆ ತಿಂಗಳಿಗೆ ಸುಮಾರು 2,500. ಅದನ್ನು ಕಳೆದರೆ ರೂಮ್ ಮಾಡುವುದಕ್ಕೆ ಹೆಚ್ಚುವರಿ ಖರ್ಚು 9,500 ರೂಪಾಯಿ. ಉಳಿಯುವ ಸಮಯ ದಿನಕ್ಕೆ ಮೂರು ಗಂಟೆಯಂತೆ 24 ದಿನಕ್ಕೆ 72 ಗಂಟೆ. ಭಾಗಿಸಿದರೆ ಒಂದು ಗಂಟೆಗೆ 132 ರೂಪಾಯಿ.

ಆಮೇಲೆ ನನ್ನ ಸಂಬಳವನ್ನೂ ಹಾಗೇ ಭಾಗಿಸಿ ನೋಡಿದೆ. ದಿನಕ್ಕೆ ಒಂಬತ್ತು ಗಂಟೆ, 24 ದಿನ. ಗಂಟೆಗೆ 111 ರೂಪಾಯಿ! ನನ್ನ ಒಂದು ಗಂಟೆಯನ್ನು 111ಕ್ಕೆ ಮಾರಿ, ಅದೇ ಒಂದು ಗಂಟೆಯನ್ನು 132 ಕೊಟ್ಟು ಕೊಳ್ಳಬೇಕು. ಅಡ್ವಾನ್ಸಿಗೆ ಬೇಕಾದ 50,000 ಇದರಲ್ಲಿ ಸೇರಿಲ್ಲ. ಅಮ್ಮನ ಕೈಗೆ ಕೊಡುವ 8,000 ನಿಲ್ಲಿಸುವಂತಿಲ್ಲ. ಕೊನೆಗೆ ನನಗೆ ಉಳಿಯುವುದು ನಾಲ್ಕೇ ಸಾವಿರ.

ಆದರೂ ಮನೆ ನೋಡಿ ಬರೋಣವೆಂದು ಹೋದೆ. ಆ ಮನೆ ಇನ್ನೂ ಖಾಲಿಯಾಗಿರಲಿಲ್ಲ. ಹತ್ತಿರದ ಅಪಾರ್ಟ್‌ಮೆಂಟ್‌ಗಳಲ್ಲಿ ಮನೆಗೆಲಸ ಮಾಡುವ ಒಬ್ಬ ಅಕ್ಕ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದರು. ಒಂಬತ್ತು ಸಾವಿರ ಇದ್ದ ಬಾಡಿಗೆಯನ್ನು ಓನರ್ ಹದಿನಾಲ್ಕಕ್ಕೆ ಏರಿಸಿದ್ದರಂತೆ. ‘ಎಲ್ಲಿಗೆ ಹೋಗ್ತಿದ್ದೀರ ಅಕ್ಕಾ?’ ಎಂದೆ. ‘ಅನುಗೊಂಡನಹಳ್ಳಿ ಕಡೆ ನೋಡಿದ್ದೀವಿ ಕಣಮ್ಮ. ಕೆಲಸ ಇಲ್ಲೇ, ಓಡಾಡ್ಬೇಕು. ನೀವೇನಾ ಬರೋರು? ನೀರು ಬೆಳಗ್ಗೆ ಆರಕ್ಕೇ ಬಿಡ್ತಾರೆ, ಹಿಡಿದಿಟ್ಕೊಳ್ಳಿ’ ಎಂದರು. ಅನುಗೊಂಡನಹಳ್ಳಿ ಇರುವುದು ನಮ್ಮ ಹೊಸಕೋಟೆ ತಾಲ್ಲೂಕಿನಲ್ಲಿ. ನಾನು ಓಡಾಟ ತಪ್ಪಿಸಿಕೊಳ್ಳಲು ಅಲ್ಲಿಗೆ ಹೋದರೆ, ಆ ಓಡಾಟ ಅವರ ಪಾಲಿಗೆ ಬರುತ್ತದೆ.

ಇದಕ್ಕೊಂದು ಹೆಸರಿದೆ: ಜೆಂಟ್ರಿಫಿಕೇಶನ್. 1964ರಲ್ಲಿ ರೂತ್ ಗ್ಲಾಸ್ ಎಂಬ ಸಮಾಜಶಾಸ್ತ್ರಜ್ಞೆ ಲಂಡನ್ನಿನ ಬಗ್ಗೆ ಬರೆಯುವಾಗ ಈ ಪದ ಬಳಸಿದರು. ದುಡಿಯುವವರ ಬೀದಿಗಳಿಗೆ ಹಣವಂತರು ಬಂದು, ಮೊದಲಿದ್ದವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುವುದನ್ನು ಅವರು ಗಮನಿಸಿದ್ದರು. ನಮ್ಮ ಪಕ್ಕದ ವೈಟ್‌ಫೀಲ್ಡ್ 1880ರ ದಶಕದಲ್ಲಿ ಆಂಗ್ಲೋ ಇಂಡಿಯನ್ನರಿಗಾಗಿ ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ ಶುರುವಾದ ಸಣ್ಣ ಹಳ್ಳಿ. 1990ರ ದಶಕದ ಕೊನೆಗೆ ಐಟಿಪಿಎಲ್ ಬಂತು. 2023ರ ಮಾರ್ಚ್ 25ಕ್ಕೆ ಕಾಡುಗೋಡಿಯವರೆಗೆ ಮೆಟ್ರೊ ಬಂತು. ಅನುಕೂಲ ಬಂದ ಕಡೆ ಬಾಡಿಗೆ ಏರುತ್ತದೆ. ಬಾಡಿಗೆ ಏರಿದ ಕಡೆ, ಆ ಅನುಕೂಲಕ್ಕಾಗಿ ವರ್ಷಗಟ್ಟಲೆ ಕಾದವರಿಗೇ ಜಾಗ ಇರುವುದಿಲ್ಲ.

ಹಾಗಂತ ನಾನು ಆ ಮನೆ ಬೇಡವೆಂದರೆ ಆ ಅಕ್ಕ ಅಲ್ಲೇ ಉಳಿಯುವುದಿಲ್ಲ. ನಾಳೆ ಇನ್ನೊಬ್ಬರು ಬರುತ್ತಾರೆ. ಆದ್ದರಿಂದ ಇದು ತ್ಯಾಗದ ಮಾತಲ್ಲ. ಆದರೆ ಅವರ ಚೀಲಗಳನ್ನು ನೋಡಿದ ಮೇಲೆ ನನಗೆ ಹೊಳೆದದ್ದು ಬೇರೆ: ಅವರ ಜಾಗದಲ್ಲಿ ಮುಂದೆ ನಾನೇ ಇರಬಹುದು. ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳಿಗೆ. ಒಂದು ವರ್ಷಕ್ಕಿಂತ ಕಡಿಮೆಯ ಕರಾರಿಗೆ ನೋಂದಣಿ ಕಡ್ಡಾಯವಲ್ಲ, ಅದಕ್ಕೇ ಆ 11. ಹನ್ನೆರಡನೇ ತಿಂಗಳು ಓನರ್ ಹೇಳಿದ್ದೇ ಬಾಡಿಗೆ. ಬಡಾವಣೆಯ ಬಾಡಿಗೆ ಏರುವ ವೇಗದಲ್ಲಿ 24,000ದ ಸಂಬಳ ಏರುವುದಿಲ್ಲ. ಒಂದು ಕಡೆ ನಾನು ಒಬ್ಬರನ್ನು ಸರಿಸಿ ಒಳಗೆ ಹೋಗುತ್ತೇನೆ, ಇನ್ನೊಂದು ಕಡೆ ನನಗಿಂತ ಹೆಚ್ಚು ಸಂಬಳದವರು ನನ್ನನ್ನು ಸರಿಸಲು ಕಾಯುತ್ತಿರುತ್ತಾರೆ.

ಮನೆಯಲ್ಲಿ ಅಪ್ಪ ಏನೂ ಹೇಳಲಿಲ್ಲ. ಅಮ್ಮ ಮಾತ್ರ, ‘ಸುಸ್ತಾಗ್ತೀಯ ಅಂತ ನಂಗೂ ಗೊತ್ತು ಕಣೆ. ಹೋಗೋದಾದ್ರೆ ಹೋಗು. ಆದ್ರೆ ಸಾಲ ಮಾಡಿ ಅಡ್ವಾನ್ಸ್ ಕೊಡ್ಬೇಡ’ ಎಂದರು. ಆ ಮಾತು ನನಗೆ ದಾರಿ ತೋರಿಸಿತು.

ನನ್ನ ತೀರ್ಮಾನ ಹೀಗೆ: ಒಂದು ವರ್ಷ ಹೊಸಕೋಟೆಯಿಂದಲೇ ಓಡಾಟ. ಉಳಿಯುವ 9,500ದಲ್ಲಿ ಐದು ಸಾವಿರ ಅಡ್ವಾನ್ಸಿಗೆಂದು ಬೇರೆ ಖಾತೆಗೆ, ಉಳಿದದ್ದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸಿಗೆ. ಮೆಟ್ರೊದಲ್ಲಿ ಸೀಟು ಸಿಕ್ಕ ದಿನ ಓದು, ಸಿಗದ ದಿನ ಇಯರ್‌ಫೋನಿನಲ್ಲಿ ಪಾಠ. ಸಂಬಳ 35,000 ದಾಟಿದರೆ ಅಥವಾ ರಾತ್ರಿ ಪಾಳಿ ಬಂದರೆ, ಅದೇ ದಿನ ಮನೆ ಹುಡುಕುತ್ತೇನೆ. ಗೆಳತಿಗೂ ಹೀಗೇ ಹೇಳಿದೆ. ಅವಳ ಊರು ಚಿಂತಾಮಣಿಯ ಹತ್ತಿರ. ದಿನಾ ಓಡಾಡುವ ಆಯ್ಕೆಯೇ ಅವಳಿಗಿಲ್ಲ. ಅವಳ ಲೆಕ್ಕದಲ್ಲಿ ಕಾಡುಗೋಡಿಯೇ ಸರಿ.

ಹಾಗಾಗಿ ಎಲ್ಲರೂ ಊರಲ್ಲೇ ಇರಿ ಎಂದು ನಾನು ಹೇಳುತ್ತಿಲ್ಲ. ಹೊರಡುವ ಮುನ್ನ ಉಳಿಯುವ ಗಂಟೆಗೆ ನೀವು ತೆರುವ ಬೆಲೆ ಎಷ್ಟು ಎಂದು ಭಾಗಿಸಿ ನೋಡಿ. ಎರಡನೇ ವರ್ಷದ ಬಾಡಿಗೆ ಎಷ್ಟೆಂದು ಮೊದಲೇ ಕೇಳಿ, ಕರಾರಿನಲ್ಲಿ ಬರೆಸಿಕೊಳ್ಳಿ. ಈಗಿರುವ ಬಾಡಿಗೆದಾರರು ಯಾಕೆ ಬಿಡುತ್ತಿದ್ದಾರೆಂದು ಓನರ್‌ನ ಬದಲು ಅವರನ್ನೇ ವಿಚಾರಿಸಿ.

ಇನ್ನೊಂದು ಮಾತು. ಚೆನ್ನೈ ಎಕ್ಸ್‌ಪ್ರೆಸ್‌ವೇ ಶುರುವಾಗುವುದೇ ನಮ್ಮ ಹೊಸಕೋಟೆಯಿಂದ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯಿಂದ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆಯೂ ಇಲ್ಲಿಗೆ ಬಂದಿದೆ. ನಮ್ಮ ಬೀದಿಯಲ್ಲೂ ‘ಟು ಲೆಟ್’ ಬೋರ್ಡಿನ ಪಕ್ಕ ಹೊಸ ರೇಟು ಕೇಳಿಬರುತ್ತಿದೆ. ಕಾಡುಗೋಡಿ ಬಿಟ್ಟವರು ನಮ್ಮ ತಾಲ್ಲೂಕಿಗೆ ಬರುತ್ತಿದ್ದಾರೆ. ನಾಳೆ ಇಲ್ಲಿಂದಲೂ ಅವರು ಮುಂದೆ ಹೋಗಬೇಕಾಗುತ್ತದೆಯೋ ಏನೋ. ತಲೆಯ ಮೇಲೆ ಸ್ವಂತ ಸೂರಿರುವ ನಮ್ಮಂಥವರು ಒಂದು ವರ್ಷ ಯೋಚಿಸಿ ತೀರ್ಮಾನಿಸಬಹುದು. ಅವರಿಗೆ ಸಿಗುವುದು ಒಂದೇ ತಿಂಗಳ ನೋಟಿಸು.